ದುಬೈ ಕೆಲಸ ತಾನಾಗಿ ಬಿಟ್ಟರೆ ಗ್ರಾಚ್ಯುಟಿ ಕಡಿತ ಆಗುತ್ತಾ?

ಪ್ರಶ್ನೆ – ಸಿಂಧನೂರು
ನಮ್ಮ ತಮ್ಮ ದುಬೈನ ಒಂದು ಗೋದಾಮಿನಲ್ಲಿ ನಾಲ್ಕು ವರ್ಷ ದುಡಿದಿದ್ದಾನೆ. ಸಂಬಳ 2000 ದಿರ್ಹಮ್, ಅದರಲ್ಲಿ ಬೇಸಿಕ್ (ಮೂಲ ವೇತನ) 1200. ಅವ್ವನಿಗೆ ಹುಷಾರಿಲ್ಲ, ಬಿಟ್ಟು ಬರುತ್ತೇನೆ ಅಂತಾನೆ. ನೀನಾಗಿ ಬಿಟ್ಟರೆ ಗ್ರಾಚ್ಯುಟಿಯಲ್ಲಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) ಮೂರನೇ ಒಂದು ಭಾಗ ಹೋಗುತ್ತೆ ಅಂದರಂತೆ ಕಂಪನಿಯವರು. ಪಾಸ್‌ಪೋರ್ಟೂ ಅವರ ಹತ್ತಿರವೇ ಇದೆ. ಗೊತ್ತಿದ್ದವರು ಹೇಳಿ.

ಉತ್ತರ – ಗಂಗಾವತಿ
ಅದು ಹಳೇ ಕಾನೂನು ಅಣ್ಣಾ. ಸುಮ್ನೆ ಹೆದರಿಸುತ್ತಿದ್ದಾರೆ. 2022ರ ಫೆಬ್ರವರಿಯಿಂದ ಹೊಸದು ಬಂದಿದೆ, ತಾನಾಗಿ ಬಿಟ್ಟರೂ ಕಡಿತ ಇಲ್ಲ. ಒಂದು ವರ್ಷ ಮುಗಿದಿರಬೇಕು ಅಷ್ಟೇ. ಮೊದಲ ಐದು ವರ್ಷದವರೆಗೆ ವರ್ಷಕ್ಕೆ 21 ದಿನದ ಬೇಸಿಕ್. 1200ನ್ನು 30ರಿಂದ ಭಾಗಿಸಿದರೆ ದಿನಕ್ಕೆ 40. ನಾಲ್ಕು ವರ್ಷಕ್ಕೆ 3360 ದಿರ್ಹಮ್. 2000 ಹಿಡಿದು ಲೆಕ್ಕ ಹಾಕಬೇಡಿ, ಜಾಸ್ತಿ ಜನ ಎಡವುವುದು ಅಲ್ಲೇ. ನೋಟಿಸ್ ಅವಧಿ ಮಾತ್ರ ಪೂರ್ತಿ ಮಾಡಲಿ, ಇಲ್ಲದಿದ್ದರೆ ಆ ದಿನಗಳ ಸಂಬಳ ಕೇಳುತ್ತಾರೆ.

ಉತ್ತರ – ಮಾನ್ವಿ
ಪಾಸ್‌ಪೋರ್ಟ್ ಇಟ್ಟುಕೊಳ್ಳುವುದೇ ಅಲ್ಲಿ ಕಾನೂನಿಗೆ ವಿರುದ್ಧ. ಕೆಲಸ ಮುಗಿದ 14 ದಿನದೊಳಗೆ ಬಾಕಿ ಎಲ್ಲಾ ಕೊಡಬೇಕು. ಕೊಡದಿದ್ದರೆ ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ಆ್ಯಪ್‌ನಲ್ಲೇ ದೂರು ಕೊಡಬಹುದು. ದುಡ್ಡು ಕೈಗೆ ಬರುವ ಮುಂಚೆ ‘ಎಲ್ಲಾ ಸಿಕ್ಕಿತು’ ಅನ್ನುವ ಕಾಗದಕ್ಕೆ ಸಹಿ ಹಾಕದಿರಲಿ.

ಸಿಂಧನೂರು
ಕಾಂಟ್ರಾಕ್ಟ್ ಫೋಟೊ ಕಳಿಸು ಅಂದಿದ್ದೇನೆ. ಬೇಸಿಕ್ ಎಷ್ಟು ಅಂತ ಅದರಲ್ಲೇ ಇರುತ್ತೆ ಅಲ್ವಾ?