ತೂಕ ಜಾಸ್ತಿ ಇದ್ರೆ ಬಸುರೀಲಿ ಹಾರ್ಮೋನ್ ಕಮ್ಮಿ ತೋರ್ಸುತ್ತಾ? ಅನುಭವ ಇರೋರು ಹೇಳಿ

ಚಿಂತಾಮಣಿಯಿಂದ:
ನಂಗೀಗ ಏಳನೇ ವಾರ, ಮೊದಲನೇದು. ಬಸುರಿ ಆಗೋಕ್ ಮುಂಚೆನೇ 82 ಕೆಜಿ ಇದ್ದೆ, ಎತ್ತರ 5 ಅಡಿ 2 ಇಂಚು. ಬೀಟಾ ಎಚ್‌ಸಿಜಿ (ಬಸುರಿ ಹಾರ್ಮೋನ್ ನೋಡೋ ರಕ್ತ ಪರೀಕ್ಷೆ) ಮಾಡ್ಸಿದ್ವಿ, ನನ್ ತಂಗಿಗೆ ಇದೇ ವಾರದಲ್ಲಿ ಬಂದಿದ್ದಕ್ಕಿಂತ ತುಂಬಾ ಕಮ್ಮಿ ಬಂದಿದೆ, ಅವಳು ಸಣ್ಣಕಿದಾಳೆ. ಸ್ಕ್ಯಾನಲ್ಲಿ ಹಾರ್ಟ್‌ಬೀಟ್ ಇದೆ ಅಂದ್ರು. ಆದ್ರೂ ವಾಂತಿ ಇಲ್ಲ, ಬಯಕೆ ಇಲ್ಲ ಅಂತ ಮನೇಲಿ ಒಬ್ಬೊಬ್ರು ಒಂದೊಂದ್ ಹೇಳ್ತಾರೆ, ನಿದ್ದೆ ಬರ್ತಿಲ್ಲ. ಈಗ್ಲೇ ಡಯಟ್ ಮಾಡ್ಬೇಕಾ? ಥೈರಾಯ್ಡ್ ಮಾತ್ರೆನೂ ತಗೋತಿದೀನಿ.

ಕೋಲಾರದಿಂದ:
ಮೊದ್ಲು ಆ ರಿಪೋರ್ಟನ್ನ ತಂಗಿ ರಿಪೋರ್ಟ್ ಪಕ್ಕ ಇಟ್ ನೋಡೋದು ಬಿಟ್ಬಿಡಿ ಕಣಮ್ಮ. ಏಳನೇ ವಾರದಲ್ಲಿ ಎಚ್‌ಸಿಜಿ ಒಬ್ರಿಗೆ ಕೆಲವು ಸಾವಿರ ಇರುತ್ತೆ ಇನ್ನೊಬ್ರಿಗೆ ಲಕ್ಷ ದಾಟಿರುತ್ತೆ, ಎರಡೂ ಸರಿನೇ. ತೂಕ ಜಾಸ್ತಿ ಇರೋರಿಗೆ ಸರಾಸರಿ ಕಮ್ಮಿನೇ ತೋರ್ಸೋದು. ಅದಕ್ಕೊಂದು ಕಾರಣ, ಮೈ ದೊಡ್ಡದಾದ್ರೆ ರಕ್ತದ ಪ್ರಮಾಣನೂ ಜಾಸ್ತಿ, ಅಷ್ಟೇ ಉಪ್ಪನ್ನ ದೊಡ್ಡ ಪಾತ್ರೆ ಸಾರಿಗೆ ಹಾಕ್ದಂಗೆ. ಕಮ್ಮಿ ಬಂತು ಅಂದ್ರೆ ಮಗು ಬೆಳೀತಿಲ್ಲ ಅಂತ ಅಲ್ಲ. ಹಾರ್ಟ್‌ಬೀಟ್ ಕಂಡ್ಮೇಲೆ ಈ ನಂಬರ್‌ಗಿಂತ ಸ್ಕ್ಯಾನೇ ಹೆಚ್ಚು ಹೇಳುತ್ತೆ. ಬ್ಲೀಡಿಂಗ್, ಹೊಟ್ಟೆನೋವು ಬಂದ್ರೆ ಮಾತ್ರ ತಕ್ಷಣ ಹೋಗಿ.

ಇನ್ನೊಂದು, 11ರಿಂದ 13ನೇ ವಾರದಲ್ಲಿ ಡಬಲ್ ಮಾರ್ಕರ್ ಟೆಸ್ಟ್ ಬರೀತಾರೆ, ಮಗುಗೆ ಡೌನ್ ಸಿಂಡ್ರೋಮ್ ತರದ ತೊಂದ್ರೆ ಇರೋ ರಿಸ್ಕ್ ಎಷ್ಟು ಅಂತ ನೋಡೋ ರಕ್ತ ಪರೀಕ್ಷೆ ಅದು. ಆ ಫಾರಂನಲ್ಲಿ ತೂಕ ಅಂತ ಒಂದ್ ಕಾಲಂ ಇರುತ್ತೆ ನೋಡಿ, ಅದು ಸುಮ್ನೆ ಇರೋದಲ್ಲ, ತೂಕ ನೋಡ್ಕೊಂಡೇ ಎಚ್‌ಸಿಜಿ ಲೆಕ್ಕನ ಸರಿ ಮಾಡೋದು. ನಮ್ಮತ್ತಿಗೆ ಅಲ್ಲಿ ಜನ ನಿಂತಿದ್ರು ಅಂತ ಸಂಕೋಚಕ್ಕೆ ಕಮ್ಮಿ ಮಾಡಿ ಹೇಳೋಕ್ ಹೋದ್ರು, ಲ್ಯಾಬ್ ಹುಡುಗಿ ಪೆನ್ ಕೆಳಗಿಟ್ಟು "ಅಕ್ಕಾ, ಚಪ್ಪಲಿ ಬಿಟ್ಟು ಮಷೀನ್ ಮೇಲೆ ಹತ್ತಿ" ಅಂದ್ಲು. ಒಳ್ಳೇ ಕೆಲಸ ಮಾಡಿದ್ಲು, ತೂಕ ತಪ್ಪು ಬರೆದ್ರೆ ರಿಸ್ಕ್ ಲೆಕ್ಕನೇ ತಪ್ಪಾಗುತ್ತೆ.

ವಾಂತಿ ಮಾತು ಕಿವಿಗೆ ಹಾಕ್ಕೋಬೇಡಿ. ಒಂದು ದಿನನೂ ವಾಂತಿ ಇಲ್ದೆ ಗಟ್ಟಿಮುಟ್ಟಾದ ಮಕ್ಕಳನ್ನ ಹೆತ್ತೋರು ನಮ್ಮ ಬೀದೀಲೇ ಇದಾರೆ.

ಮಧುಗಿರಿಯಿಂದ:
ಥೈರಾಯ್ಡ್ ಅಂದ್ರಲ್ಲ, ಟಿಎಸ್‌ಎಚ್ ಅಂತ ಥೈರಾಯ್ಡ್ ರಕ್ತ ಪರೀಕ್ಷೆ ಈ ವಾರನೇ ಮಾಡ್ಸಿ. ಬಸುರೀಲಿ ಡೋಸ್ ಜಾಸ್ತಿ ಬೇಕಾಗೋದು ಸಾಮಾನ್ಯ, ಡಾಕ್ಟ್ರೇ ಹೇಳ್ಲಿ, ನೀವಾಗೇ ನಿಲ್ಸೋದಂತೂ ಬೇಡವೇ ಬೇಡ. ಮುಂದೆ ಐರನ್, ಕ್ಯಾಲ್ಸಿಯಂ ಶುರು ಮಾಡ್ತಾರೆ, ಅವನ್ನ ಥೈರಾಯ್ಡ್ ಮಾತ್ರೆ ಜೊತೆ ನುಂಗ್ಬೇಡಿ, 4 ಗಂಟೆ ಗ್ಯಾಪ್ ಇರ್ಲಿ, ಇಲ್ಲಾಂದ್ರೆ ಮಾತ್ರೆ ಮೈಗೆ ಹತ್ತಲ್ಲ.

ಶ್ರೀನಿವಾಸಪುರದಿಂದ:
ನಂದು ಶುಗರ್ ಕಥೆ. ಮಾಸು ಬೆಳೀತಾ ಬೆಳೀತಾ ಅದರಿಂದ ಬರೋ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರ್ತವೆ, ಮಗುಗೆ ಸಕ್ಕರೆ ಸಿಗ್ಲಿ ಅಂತ ಮೈ ಮಾಡ್ಕೊಳೋ ಏರ್ಪಾಡು ಅದು. ತೂಕ ಇರೋರಿಗೆ ಮೊದ್ಲೇ ಇನ್ಸುಲಿನ್ ಸರಿಯಾಗ್ ಕೆಲಸ ಮಾಡ್ತಿರಲ್ಲ, ಅದರ ಮೇಲೆ ಇದೂ ಸೇರಿದ್ರೆ ಶುಗರ್ ಏರುತ್ತೆ. 75 ಗ್ರಾಂ ಗ್ಲೂಕೋಸ್ ಕುಡ್ಸಿ 2 ಗಂಟೆ ಬಿಟ್ಟು ನೋಡ್ತಾರೆ, 140 ಮುಟ್ಟಿದ್ರೆ ಶುಗರ್ ಅಂತಲೇ. ಮೊದಲನೇ ಚೆಕಪ್‌ನಲ್ಲೇ ಮಾಡ್ಸಿ, ಆಗ ನಾರ್ಮಲ್ ಬಂದ್ರೂ 24ರಿಂದ 28ನೇ ವಾರದಲ್ಲಿ ಇನ್ನೊಂದ್ ಸಲ ಮಾಡ್ಸ್ಲೇಬೇಕು.

ನಂಗೆ ಬಂದಾಗ ಮಾವಿನ ಸೀಜನ್, ಮನೆ ತುಂಬಾ ಬಾದಾಮಿ, ಮಲ್ಲಿಕಾ ಹಣ್ಣು, ನೋಡ್ಕೊಂಡ್ ಕೂತ್ಕೋಬೇಕು. ರಾಗಿ ಎಷ್ಟು ತಿಂದ್ರೂ ಶುಗರ್ ಏರಲ್ಲ ಅಂತ ಎಲ್ರೂ ಹೇಳ್ತಿದ್ರು, ಮನೇಲಿ ಮಷೀನಲ್ಲಿ ನೋಡಿದ್ರೆ ಪೂರ್ತಿ ಮುದ್ದೆಗೆ ಏರೋದು, ಅರ್ಧ ಮುದ್ದೆ ಜೊತೆ ಸೊಪ್ಪಿನ ಪಲ್ಯ, ಕಾಳು ಸಾರು ಜಾಸ್ತಿ ಹಾಕ್ಕೊಂಡ್ರೆ ಹಿಡಿತದಲ್ಲಿರೋದು. ಊಟ ಆದ್ಮೇಲೆ ಅಂಗಳದಲ್ಲೇ ಓಡಾಡ್ತಿದ್ದೆ. ಹೆರಿಗೆ ಆದ್ಮೇಲೆ ಶುಗರ್ ಇಳೀತು, ಆದ್ರೂ 6 ವಾರಕ್ಕೆ ಮತ್ತೆ ಟೆಸ್ಟ್ ಮಾಡ್ಸಿದ್ರು.

ಗುಬ್ಬಿಯಿಂದ, ಆಶಾ ಕಾರ್ಯಕರ್ತೆ:
ಡಯಟ್ ಬಗ್ಗೆ ಯಾರೂ ಹೇಳಿಲ್ಲ, ನಾನ್ ಹೇಳ್ತೀನಿ. ಊಟ ಬಿಟ್ಟು ತೂಕ ಇಳ್ಸೋ ಕಾಲ ಇದಲ್ಲ ತಾಯಿ. ಹಂಗಂತ ಇಬ್ಬರ ಊಟ ಒಬ್ರೇ ಮಾಡ್ಬೇಕು ಅನ್ನೋದೂ ಬೇಡ. ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) ಸುಮಾರು 33 ಬರುತ್ತೆ, 30ರ ಮೇಲಿದ್ರೆ ಇಡೀ ಬಸುರೀಲಿ 5ರಿಂದ 9 ಕೆಜಿ ಏರಿದ್ರೆ ಸಾಕು ಅಂತಾರೆ, ನಾರ್ಮಲ್ ತೂಕದೋರಿಗೆ 11.5ರಿಂದ 16. ಮಗು, ಮಾಸು, ನೀರು, ಹೆಚ್ಚಿದ ರಕ್ತ ಎಲ್ಲಾ ಅದರಲ್ಲೇ ಬಂತು. ತೂಕ ಪ್ರತಿ ಸಲ ತಾಯಿ ಕಾರ್ಡಲ್ಲಿ ಬರ್ಸ್ಕೊಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೇಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ, ಅಲ್ಲೂ ಹೋಗ್ಬೋದು.

ಐದು ತಿಂಗಳು ಆದ್ಮೇಲೆ ಒಂದೇ ವಾರದಲ್ಲಿ ತೂಕ ದಿಢೀರ್ ಏರಿದ್ರೆ, ಮುಖ ಕೈ ಊದ್ಕೊಂಡ್ರೆ, ತಲೆನೋವು, ಕಣ್ಣು ಮಂಜು ಅನ್ಸಿದ್ರೆ ಊಟದಿಂದ ಅಂದ್ಕೊಂಡ್ ಕೂರ್ಬೇಡಿ, ಅದು ಬಿಪಿ ಇರ್ಬೋದು. 140/90 ಬಂದ್ರೆ ಅವತ್ತೇ ಡಾಕ್ಟ್ರಿಗೆ ತೋರ್ಸಿ, ರಾತ್ರಿ ಆದ್ರೂ ಸರಿ.