ನಾರ್ವೆ ರೂಟ್: ಔರ್‌ಲಾಂಡ್–ಲೆರ್ದಾಲ್ ನಡುವೆ ಜಿಪಿಎಕ್ಸ್ ಹುಚ್ಚು ಏರು ತೋರಿಸ್ತಿದೆ, ಡಿವೈಸ್ ಬೇರೆ ದಾರಿ ಹಿಡೀತಿದೆ

ಕಡ್ಡಿಚಕ್ರ

ಹೌಗಸ್ಟೋಲ್‌ನಿಂದ ಫಿನ್ಸೆ, ಫ್ಲೋಮ್, ಔರ್‌ಲಾಂಡ್ ಮೇಲೆ ಲೆರ್ದಾಲ್‌ವರೆಗೆ ಪ್ಲಾನರ್‌ನಲ್ಲಿ (ನಕ್ಷೆಯ ಮೇಲೆ ದಾರಿ ಹಾಕುವ ಆ್ಯಪ್) ಸೈಕಲ್ ರೂಟ್ ಮಾಡಿ ಜಿಪಿಎಕ್ಸ್ (ದಾರಿಯ ಬಿಂದುಗಳ ಫೈಲ್) ತೆಗೆದಿದ್ದೇನೆ. ಕೆಲವು ಕಡೆ ಗೆರೆ ಸರಿಯಾಗಿ ಕೂರದೆ ಕೈಯಿಂದಲೇ ಎಳೆದೆ. ಈಗ ಮೂರು ಗೊಂದಲ.

ಔರ್‌ಲಾಂಡ್‌ನಿಂದ ಲೆರ್ದಾಲ್‌ಗೆ 25 ಕಿ.ಮೀ. ಒಳಗೇ ದೂರ, ಆದರೆ 1,600 ಮೀಟರ್ ಏರು ಅಂತಿದೆ. ಮಧ್ಯೆ 40% ಗ್ರೇಡಿಯಂಟ್ (100 ಮೀಟರಿಗೆ 40 ಮೀಟರ್ ಏರು) ಕೂಡ ಇದೆ! ಎರಡನೆಯದು, ಅದೇ ಫೈಲನ್ನು ಜಿಪಿಎಸ್ ಡಿವೈಸ್‌ಗೆ ಹಾಕಿದರೆ ಫಿನ್ಸೆ ಕಡೆ ಹೋಗದೆ ಹೋಲ್‌ನಿಂದ 50ನೇ ನಂಬರ್ ರಸ್ತೆ ಹಿಡಿಯುತ್ತಿದೆ. ಮೂರನೆಯದು ಗೇರ್: ಮುಂದೆ 50/34 ಹಲ್ಲಿನ ಚೈನ್‌ರಿಂಗ್, ಹಿಂದಿನ ಚಕ್ರಕ್ಕೆ 11-34 ಹಲ್ಲಿನ ಕ್ಯಾಸೆಟ್, 700x40 ಟೈರ್. ಸವಾರ, ಸೈಕಲ್, ಲಗೇಜು ಸೇರಿ 110 ಕೆ.ಜಿ. ಸಾಕಾಗುತ್ತಾ? ಹೊರಡೋದು ಜೂನ್ ಕೊನೆ ವಾರ.

ನಕ್ಷೆಹುಳು

ಸರ್, ಮೊದಲನೆಯದು ಏರೇ ಅಲ್ಲ, ಸುರಂಗ. ನೀವು ಕೈಯಿಂದ ಎಳೆದ ಗೆರೆ ಲೆರ್ದಾಲ್ ಸುರಂಗದ ಮೇಲೆ ಕೂತಿದೆ. 24.5 ಕಿ.ಮೀ. ಉದ್ದ, 2000ದಲ್ಲಿ ತೆರೆದದ್ದು, ಸೈಕಲ್‌ಗೆ ಪೂರ್ತಿ ನಿಷಿದ್ಧ. ಒಳಗೆ ಚಾಲಕರಿಗೆ ಮಂಪರು ಬರದಿರಲಿ ಅಂತ ಮೂರು ಕಡೆ ನೀಲಿ ದೀಪ ಹಾಕಿದ ದೊಡ್ಡ ಗವಿಗಳಿವೆ. ಚೆಂದವೇ, ಆದರೆ ಆ ಚೆಂದ ಕಾರಿನವರಿಗೆ.

ಸುಳ್ಳು ಏರು ಬಂದದ್ದು ಹೀಗೆ: ಪ್ಲಾನರ್‌ಗೆ ರಸ್ತೆಯ ಎತ್ತರ ಗೊತ್ತಿರುವುದಿಲ್ಲ, ನೆಲದ ಮೇಲ್ಮೈಯ ಎತ್ತರ ಮಾತ್ರ ಗೊತ್ತು. ಗೆರೆಯ ಒಂದೊಂದು ಬಿಂದುವಿನ ಕೆಳಗೆ ಎತ್ತರದ ಕೋಷ್ಟಕದಲ್ಲಿ ಏನಿದೆಯೋ ಅದನ್ನೇ ಓದುತ್ತದೆ. ನಿಮ್ಮ ರಸ್ತೆ ಬೆಟ್ಟದ ಹೊಟ್ಟೆಯೊಳಗೆ ಹೋಗುತ್ತಿದ್ದರೂ ಅದು ಬೆಟ್ಟದ ತಲೆಯನ್ನೇ ಎಣಿಸುತ್ತದೆ. ಸೇತುವೆಯ ಮೇಲೆ ಇದು ತಿರುಗಾಮುರುಗಾ, ಕಣಿವೆಗೆ ಇಳಿದು ಹತ್ತಿದ ಲೆಕ್ಕ ಬರುತ್ತದೆ.

ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ತುಂಬಾ ಪ್ಲಾನರ್‌ಗಳು ಬಳಸುವ ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ) ಎತ್ತರದ ದತ್ತಾಂಶ ಉತ್ತರಕ್ಕೆ 60 ಡಿಗ್ರಿ ಅಕ್ಷಾಂಶದಲ್ಲೇ ನಿಂತುಬಿಡುತ್ತದೆ. ನಿಮ್ಮ ರೂಟ್ ಅದಕ್ಕಿಂತ ಮೇಲಿದೆ. ಅಲ್ಲಿ ಬೇರೆ ಮೂಲದ ದತ್ತಾಂಶ ಬರುತ್ತದೆ, ಅದು ಒರಟಾಗಿದ್ದರೆ ಫಿಯೋರ್ಡ್ (ಬೆಟ್ಟಗಳ ನಡುವಿನ ಕಡಲಚಾಚು) ಅಂಚಿನ ರಸ್ತೆಯಲ್ಲಿ ಗೆರೆ 20 ಮೀಟರ್ ಪಕ್ಕಕ್ಕೆ ಸರಿದರೂ ಬಂಡೆಯ ನೆತ್ತಿಯ ಎತ್ತರ ಬಂದು ಕೂರುತ್ತದೆ. ನಾರ್ವೆಯ ನಕ್ಷೆ ಇಲಾಖೆ ಕಾರ್ಟ್‌ವೆರ್ಕೆಟ್‌ನ ಲೇಸರ್ ದತ್ತಾಂಶ ತುಂಬಾ ನಿಖರ, ಅನುಮಾನ ಬಂದ ಜಾಗವನ್ನು ಅದರಲ್ಲಿ ನೋಡಿ. ಗ್ರೇಡಿಯಂಟ್ 20% ಮೀರಿದ ಕಡೆಯೆಲ್ಲ ನಕ್ಷೆಯನ್ನು ದೊಡ್ಡದು ಮಾಡಿ ನೋಡುವುದು ಒಳ್ಳೆಯ ಅಭ್ಯಾಸ. ರಸ್ತೆ ಚುಕ್ಕೆ ಗೆರೆಯಾಗಿದ್ದರೆ ಸುರಂಗ.

ಸರಿಯಾದ ದಾರಿ ಔರ್‌ಲಾಂಡ್ಸ್‌ಫಿಯೆಲೆ, ಅಂದರೆ ಸುರಂಗ ಬರುವ ಮುಂಚಿನ ಬೆಟ್ಟದ ರಸ್ತೆ. ಸುಮಾರು 48 ಕಿ.ಮೀ., ನೆತ್ತಿ 1,306 ಮೀಟರ್, ಶುರು ಮಾಡುವುದು ಹೆಚ್ಚುಕಡಿಮೆ ಸಮುದ್ರ ಮಟ್ಟದಿಂದ. ಪ್ಲಾನರ್‌ನಲ್ಲಿ ಸೈಕಲ್ ಪ್ರೊಫೈಲ್ ಇಟ್ಟು, ಆ ರಸ್ತೆಯ ಮೇಲೆ ಸ್ಟೇಗಾಸ್ಟೈನ್ ವೀಕ್ಷಣಾ ಕಟ್ಟೆಯ ಹತ್ತಿರ ಒಂದು ಬಿಂದು, ನೆತ್ತಿಯಲ್ಲಿ ಒಂದು ಬಿಂದು ಹಾಕಿ. ಗೆರೆ ತಾನಾಗಿ ರಸ್ತೆಗೆ ಅಂಟಿಕೊಳ್ಳುತ್ತದೆ. ಕೈಯಿಂದ ಎಳೆಯಲೇಬೇಡಿ. ಕೈಗೆರೆ ಹಾಕಿದ ಕ್ಷಣ ಸೈಕಲ್ ನಿಷೇಧದ ಟ್ಯಾಗ್ ನೋಡುವುದನ್ನು ಪ್ಲಾನರ್ ಬಿಟ್ಟುಬಿಡುತ್ತದೆ, ನಿಮಗೆ ಆದದ್ದೂ ಅದೇ.

ಮುಂದೆ ಗುಡ್ವಾಂಗೆನ್ ಕಡೆ ತಿರುಗುವ ಯೋಚನೆ ಇದ್ದರೆ ಅಲ್ಲೂ ಇದೇ ಕಥೆ. 11.4 ಕಿ.ಮೀ.ನ ಗುಡ್ವಾಂಗಾ ಸುರಂಗಕ್ಕೆ ಸೈಕಲ್ ಬಿಡುವುದಿಲ್ಲ, ಫ್ಲೋಮ್‌ನಿಂದ ದೋಣಿ ಹತ್ತಬೇಕು.

ಮೂರನೇಹಲ್ಲು

ಡಿವೈಸ್ ವಿಷಯ. ಜಿಪಿಎಕ್ಸ್ ಫೈಲಿನಲ್ಲಿ ‘ರೂಟ್’ ಬೇರೆ, ‘ಟ್ರ್ಯಾಕ್’ ಬೇರೆ. ರೂಟ್ ಅಂದರೆ ನಾಲ್ಕಾರು ಬಿಂದು, ನಡುವಿನ ದಾರಿ ಡಿವೈಸ್ ತನ್ನ ನಕ್ಷೆ ನೋಡಿ ಲೆಕ್ಕ ಹಾಕುತ್ತದೆ. ಟ್ರ್ಯಾಕ್ ಅಂದರೆ ಸಾವಿರಾರು ಬಿಂದುಗಳ ಗೆರೆ, ಇದ್ದದ್ದು ಇದ್ದಹಾಗೆ. ನಿಮ್ಮದು ರೂಟ್ ಆಗಿ ಎಕ್ಸ್‌ಪೋರ್ಟ್ ಆಗಿದೆ.

ಸರಿ, ಹೋಲ್ ಕಡೆಗೇ ಯಾಕೆ? ಡಿವೈಸ್‌ನಲ್ಲಿ ‘ಡಾಂಬರಿಲ್ಲದ ರಸ್ತೆ ಬೇಡ’ ಎಂಬ ಟಿಕ್ ಇದೆಯಾ ನೋಡಿ. ಹೌಗಸ್ಟೋಲ್–ಫಿನ್ಸೆ–ಫ್ಲೋಮ್ ಅಂದರೆ ರಾಲಾರ್‌ವೆಗೆನ್, ಬರ್ಗೆನ್ ರೈಲು ಮಾರ್ಗ ಕಟ್ಟುವಾಗ ಸಾಮಾನು ಸಾಗಿಸಲು ಮಾಡಿದ ದಾರಿ. ಸುಮಾರು 82 ಕಿ.ಮೀ., ಹೆಚ್ಚಿನದು ಜಲ್ಲಿ. ಜಲ್ಲಿ ಬೇಡ ಅಂದರೆ ಡಿವೈಸ್‌ಗೆ ಉಳಿಯುವ ಡಾಂಬರು ದಾರಿ ಆ 50ನೇ ರಸ್ತೆಯೇ, ಅದರಲ್ಲಿ ಸುರಂಗಗಳ ಸಾಲು.

ಮಾಡಬೇಕಾದ್ದು: ಟ್ರ್ಯಾಕ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಆ ಟಿಕ್ ತೆಗೆಯಿರಿ, ‘ದಾರಿ ತಪ್ಪಿದರೆ ಮರುಲೆಕ್ಕ’ ಆಫ್ ಮಾಡಿ. ದಿನಕ್ಕೊಂದು ಫೈಲ್ ಮಾಡಿ, ಒಂದರ ಕೊನೆಯ 2 ಕಿ.ಮೀ. ಮುಂದಿನದರ ಶುರುವಿನಲ್ಲೂ ಇರಲಿ. ಸೈಕಲ್ ಬಿಡುವ ಸಣ್ಣ ಸುರಂಗಗಳಲ್ಲಿ ಜಿಪಿಎಸ್ ಸಿಗ್ನಲ್ ಹೋಗುತ್ತದೆ. ಚಕ್ರಕ್ಕೆ ಸ್ಪೀಡ್ ಸೆನ್ಸರ್ ಇದ್ದರೆ ದೂರದ ಎಣಿಕೆ ನಿಲ್ಲುವುದಿಲ್ಲ. ಅಲ್ಲಿ ಹಿಂದಿನ ಕೆಂಪು ದೀಪ ಮತ್ತು ರಿಫ್ಲೆಕ್ಟರ್ ಜಾಕೆಟ್ ಬೇಕೇಬೇಕು. ಗಾಳಿ ಫ್ಯಾನಿನ ಸದ್ದು ಹಿಂದಿನಿಂದ ಲಾರಿ ಬಂದಹಾಗೇ ಕೇಳಿಸುತ್ತದೆ, ಗಾಬರಿಯಲ್ಲಿ ಹ್ಯಾಂಡಲ್ ಎಳೆಯಬೇಡಿ.

ಇದೆಲ್ಲಕ್ಕಿಂತ ದೊಡ್ಡ ತೊಂದರೆ ನಿಮ್ಮ ತಾರೀಕು. ಜೂನ್ ಕೊನೆಯಲ್ಲಿ ರಾಲಾರ್‌ವೆಗೆನ್ ಮೇಲ್ಭಾಗ ಹಿಮದಡಿ ಇರುತ್ತದೆ. ನೆತ್ತಿ 1,343 ಮೀಟರ್. ಫಿನ್ಸೆಯಿಂದ ಹಾಲಿಂಗ್‌ಸ್ಕೈಡ್‌ವರೆಗಿನ ತುಂಡು ಕೊನೆಗೆ ತೆರೆದುಕೊಳ್ಳುವುದು, ಜುಲೈ ಮಧ್ಯ ಅಥವಾ ಅದರಾಚೆ. ಫಿನ್ಸೆಗೆ ವಾಹನ ರಸ್ತೆಯೇ ಇಲ್ಲ, ಸಿಕ್ಕಿಹಾಕಿಕೊಂಡರೆ ರೈಲೊಂದೇ. ಹಾಗಾಗಿ ಹೌಗಸ್ಟೋಲ್‌ನಿಂದ ಮಿರ್ದಾಲ್‌ಗೆ ರೈಲು ಹಿಡಿದು, ಅಲ್ಲಿಂದ ಫ್ಲೋಮ್‌ಗೆ 20 ಕಿ.ಮೀ. ಇಳಿಯಿರಿ. ಕೆಳಗಿನ ಈ ತುಂಡು ಮುಂಚೆಯೇ ತೆರೆಯುತ್ತದೆ. ರೈಲಿನಲ್ಲಿ ಸೈಕಲ್ ಜಾಗ ಕಡಿಮೆ, ಟಿಕೆಟ್ ಮೊದಲೇ ಮಾಡಿಸಿ.

ಮಿರ್ದಾಲ್ ಇಳಿಯುವಾಗ 21 ಹೇರ್‌ಪಿನ್ ತಿರುವು, ಸಡಿಲ ಜಲ್ಲಿ. ಪ್ಯಾನಿಯರ್ (ಚಕ್ರದ ಪಕ್ಕದ ಚೀಲ) ತುಂಬಿದ ಸೈಕಲ್ಲನ್ನು ಅಲ್ಲಿ ತಳ್ಳಿಕೊಂಡು ಹೋಗುವುದೇ ಜಾಣತನ. ಬ್ರೇಕ್ ಹಿಡಿದೇ ಇಟ್ಟರೆ ಡಿಸ್ಕ್ ಕಾದು ಹಿಡಿತ ಸತ್ತುಹೋಗುತ್ತದೆ. ಗಟ್ಟಿಯಾಗಿ ಹಿಡಿ, ಪೂರ್ತಿ ಬಿಡು, ಮತ್ತೆ ಹಿಡಿ. ಒಂದು ಜೊತೆ ಪ್ಯಾಡ್ ಹೆಚ್ಚಿಗೆ ಇರಲಿ.

ಗೇರಪ್ಪ

ಗೇರ್ ಲೆಕ್ಕ ಹಾಕಿಬಿಡೋಣ. ಔರ್‌ಲಾಂಡ್‌ನಿಂದ ಸ್ಟೇಗಾಸ್ಟೈನ್ 8 ಕಿ.ಮೀ., ಏರು 650 ಮೀಟರ್. ಸರಾಸರಿ 8%. ನಿಮ್ಮ ಟೈರಿನ ಸುತ್ತಳತೆ 2.2 ಮೀಟರ್. 34/34ರಲ್ಲಿ (ಮುಂದೆ 34, ಹಿಂದೆ 34 ಹಲ್ಲು) ಪೆಡಲ್ ಒಂದು ಸುತ್ತಿಗೆ ಸೈಕಲ್ 2.2 ಮೀಟರ್ ಸರಿಯುತ್ತದೆ. ನಿಮಿಷಕ್ಕೆ 60 ಸುತ್ತು ಅಂದರೆ ಗಂಟೆಗೆ 7.9 ಕಿ.ಮೀ. 110 ಕೆ.ಜಿ.ಗೆ ಅದು ಸುಮಾರು 210 ವಾಟ್ ಕೇಳುತ್ತದೆ, ಅದೂ ಒಂದು ಗಂಟೆ ಬಿಡದೆ, ಆಮೇಲೂ ಇನ್ನೂ 650 ಮೀಟರ್ ಬಾಕಿ. ಅಷ್ಟು ಕೊಡಲಾಗದೆ ಸುತ್ತು 45ಕ್ಕೆ ಇಳಿದರೆ ಭಾರವೆಲ್ಲ ಮೊಣಕಾಲಿಗೆ.

ಅಗ್ಗದ ದಾರಿ ಮುಂದೆ 46/30 ಹಲ್ಲಿನ ಕ್ರ್ಯಾಂಕ್. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹಾಗೇ ಇರಲಿ, ಯಾಕೆಂದರೆ ಅದು ನುಂಗಬೇಕಾದ ಹಲ್ಲಿನ ಲೆಕ್ಕ ಬದಲಾಗುವುದಿಲ್ಲ: (50−34)+(34−11)=39, (46−30)+(34−11)=39. ಮುಂದಿನ ಡಿರೇಲರ್ ಸ್ವಲ್ಪ ಕೆಳಗಿಳಿಸಬೇಕು, ಚೈನ್ ಉದ್ದ ಮತ್ತೆ ಅಳೆಯಬೇಕು. ಆಗ ಗಂಟೆಗೆ 7 ಕಿ.ಮೀ., 185 ವಾಟ್. ಮುಂದೆ 26, ಹಿಂದೆ 34 ಸಿಕ್ಕರೆ 6 ಕಿ.ಮೀ., 160 ವಾಟ್. ಟೂರಿಂಗ್‌ಗೆ ನನ್ನ ಓಟು 26ಕ್ಕೆ.

ಕಡ್ಡಿಚಕ್ರ

ಟ್ರ್ಯಾಕ್ ಮಾಡಿ ಹಾಕಿದೆ, ಡಿವೈಸ್ ಈಗ ಸುಮ್ಮನಿದೆ. ಸುರಂಗ ತೆಗೆದು ಬೆಟ್ಟದ ರಸ್ತೆಗೆ ಹಾಕಿದ ಮೇಲೆ 40% ಎಲ್ಲೂ ಇಲ್ಲ. ಜೂನ್ ಕೊನೆಗೆ ಆ ಬೆಟ್ಟದ ರಸ್ತೆಯೂ ಮುಚ್ಚಿದ್ದರೆ?

ನಕ್ಷೆಹುಳು

ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆದಿರುತ್ತದೆ. ಆದರೆ ಔರ್‌ಲಾಂಡ್ ಕಡೆಯಿಂದ ಸ್ಟೇಗಾಸ್ಟೈನ್‌ವರೆಗೆ ವರ್ಷವಿಡೀ ಹೋಗಬಹುದು, ಹಾಗಾಗಿ ಕೆಳಗೆ ವಾಹನ ಓಡಾಡುತ್ತಿವೆ ಅಂತ ನಂಬಿ ಹತ್ತಬೇಡಿ. ಹಿಂದಿನ ಸಂಜೆ ರಸ್ತೆ ಇಲಾಖೆಯ ಟ್ರಾಫಿಕ್ ನಕ್ಷೆ ನೋಡಿ, ಇಲ್ಲವೇ 175ಕ್ಕೆ ಫೋನ್ ಮಾಡಿ ಕೇಳಿ. ಮುಚ್ಚಿದ್ದರೆ ಸುರಂಗದ ಮೂಲಕ ಬಸ್. ಜಾಗ ಇದ್ದರೆ ಮಾತ್ರ ಸೈಕಲ್ ಹಾಕಿಕೊಳ್ಳುತ್ತಾರೆ. ಪ್ಯಾನಿಯರ್ ಬಿಚ್ಚಿ, ಪೆಡಲ್ ಒಳಮುಖವಾಗಿ ತಿರುಗಿಸಿ, ಬಸ್ ಬರುವ ಮುಂಚೆಯೇ ಸಿದ್ಧವಾಗಿ ನಿಂತಿರಿ.