ಹೋಟೆಲ್‌ಗೆ ಬಾರ್ ಸನ್ನದು: ಜಾಗ ಮೊದಲು ಅಳೀರಿ, ಅಡ್ವಾನ್ಸ್ ಆಮೇಲೆ

ಕೇಳಿದವರು (ಮಂಡ್ಯ): ಹಳೇ ಬೆಂಗಳೂರು–ಮೈಸೂರು ರಸ್ತೆ ಪಕ್ಕ ನಮ್ಮದು ನಲವತ್ತು ಸೀಟಿನ ನಾನ್‌ವೆಜ್ ಹೋಟೆಲ್. ಮುದ್ದೆ, ನಾಟಿ ಕೋಳಿ ಸಾರು, ಬಿರಿಯಾನಿ. ಸಂಜೆ ಬರೋರೆಲ್ಲ ಬಿಯರ್ ಸಿಗುತ್ತಾ ಅಂತಾರೆ. ಮೈಸೂರಲ್ಲೂ ಒಂದು ಜಾಗ ನೋಡ್ತಿದೀವಿ. ಬ್ರೋಕರ್ ಒಬ್ಬರು ಸಿಎಲ್-9 ಅನ್ನೋ ಬಾರ್ ಸನ್ನದು ಲೀಸಿಗೆ ಕೊಡಿಸ್ತೀನಿ, ತಿಂಗಳು ತಿಂಗಳು ಬಾಡಿಗೆ ಕಟ್ಟಿದರೆ ಸಾಕು ಅಂತಿದಾರೆ. ನಮಗೆ ಯಾವ ಲೈಸೆನ್ಸ್ ಬೇಕು, ಎಲ್ಲಿಂದ ಶುರು ಮಾಡಬೇಕು, ಜನ ಎಲ್ಲಿ ಎಡವುತ್ತಾರೆ? ತಿಳಿದವರು ದಯವಿಟ್ಟು ಹೇಳಿ.

ಸನ್ನದು ಕಾಗದಪತ್ರ ನೋಡುವವರು, ಮೈಸೂರು: ಅಕ್ಕ, ಮೊದಲು ಸಿಎಲ್ ನಂಬರುಗಳನ್ನು ಬಿಡಿಸಿಕೊಳ್ಳಿ. ಇವೆಲ್ಲ 1968ರ ಭಾರತೀಯ ಮತ್ತು ವಿದೇಶಿ ಮದ್ಯ ಮಾರಾಟ ನಿಯಮಗಳಿಂದ ಬಂದವು. ಸಿಎಲ್-2 ಅಂದರೆ ವೈನ್ ಶಾಪ್, ಸೀಲ್ ಬಾಟಲಿ ಮಾರುವ ಅಂಗಡಿ. ಅಲ್ಲಿ ಕೂತು ಕುಡಿಯುವ ಹಾಗಿಲ್ಲ. ಸಿಎಲ್-4 ಕ್ಲಬ್ಬಿಗೆ. ಸಿಎಲ್-5 ಒಂದು ಸಮಾರಂಭದ ಮಟ್ಟಿಗೆ. ಸಿಎಲ್-6ಎ ಸ್ಟಾರ್ ಹೋಟೆಲಿಗೆ. ಸಿಎಲ್-7 ರೂಮುಗಳಿರುವ ಲಾಡ್ಜಿಗೆ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟಿಗೆ. ನಿಮ್ಮಂಥ ಊಟದ ಹೋಟೆಲಿಗೆ ಹೊಂದೋದು ಸಿಎಲ್-9 ಒಂದೇ.

ತೊಡಕು ಅಲ್ಲೇ ಇದೆ. ಸಿಎಲ್-2, ಸಿಎಲ್-9 ಎರಡನ್ನೂ ಹೊಸದಾಗಿ ಕೇಳಿದವರಿಗೆಲ್ಲ ಕೊಡೋದನ್ನು ಸರ್ಕಾರ ತೊಂಬತ್ತರ ದಶಕದಲ್ಲೇ ನಿಲ್ಲಿಸಿತು. ಇರುವ ಸನ್ನದುಗಳೇ ಕೈ ಬದಲಾಗ್ತಾ ಬಂದಿವೆ, ಬೆಲೆ ಏರಿರೋದೂ ಅದಕ್ಕೇ. 2025-26ರ ಬಜೆಟ್‌ನಲ್ಲಿ ಸನ್ನದುಗಳನ್ನು ಇ-ಹರಾಜಿನಲ್ಲಿ ಹಂಚುವ ಮಾತು ಬಂತು. ಹಾಗಾಗಿ ಬ್ರೋಕರ್ ಹತ್ತಿರ ಕೂರೋಕೆ ಮುಂಚೆ ಅಬಕಾರಿ ಉಪ ಆಯುಕ್ತರ ಕಚೇರಿಗೆ ಹೋಗಿ, ನಿಮ್ಮ ತಾಲ್ಲೂಕಿಗೆ ಹರಾಜಿನಲ್ಲಿ ಏನಾದರೂ ಇದೆಯಾ ಅಂತ ಕೇಳಿ.

ಸಿಎಲ್-7 ಸುಲಭದ ದಾರಿ ಅಂತ ಕೆಲವರು ಹೇಳ್ತಾರೆ. ಡಬಲ್ ರೂಮುಗಳ ಕನಿಷ್ಠ ಸಂಖ್ಯೆ ನಿಮ್ಮ ಜಾಗ ಪಾಲಿಕೆಯೋ, ಪುರಸಭೆಯೋ, ಹಳ್ಳಿಯೋ ಅನ್ನೋದರ ಮೇಲೆ ಬದಲಾಗುತ್ತೆ. ಲಾಡ್ಜ್ ನಡೆಸುವ ಮನಸ್ಸಿಲ್ಲದವರು ಗೋದಾಮು, ಸಿಬ್ಬಂದಿ ಕೋಣೆ ಎಲ್ಲ ಸೇರಿಸಿ ನಕ್ಷೆಯಲ್ಲಿ ರೂಮು ಅಂತ ತೋರಿಸ್ತಾರೆ. ತಪಾಸಣೆಗೆ ಬಂದವರು ಮಂಚ, ಬಾತ್‌ರೂಮ್, ತಂಗಿದವರ ರಿಜಿಸ್ಟರ್ ನೋಡ್ತಾರೆ. ಅಲ್ಲಿಗೆ ಕಡತ ನಿಂತಿತು.

ಬಾರ್ ಮಾಲೀಕರು, ಮದ್ದೂರು ಕಡೆ: ಜಾಗದ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ದುಡ್ಡು ಮುಳುಗೋದು ಇಲ್ಲೇ. 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮದ ಪ್ರಕಾರ ದೇವಸ್ಥಾನ, ಮಸೀದಿ, ಚರ್ಚು, ಶಾಲೆ-ಕಾಲೇಜು, ಆಸ್ಪತ್ರೆ, ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಅಂಗಡಿ ಇರುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಬೀದಿಯಲ್ಲೂ ಇಲ್ಲ.

ಅಳೆಯುವ ರೀತಿ ಗೊತ್ತಿರಲಿ. ಮೊಬೈಲ್ ಮ್ಯಾಪಿನಲ್ಲಿ ನೇರ ಗೆರೆ ಎಳೆದು ನೋಡಿದರೆ ಆಗಲ್ಲ. ನಿಮ್ಮ ಬಾಗಿಲಿನ ನಟ್ಟನಡುವೆ ಟೇಪಿನ ತುದಿ ಹಿಡಿದು, ಜನ ಮಾಮೂಲಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲೇ ಸಾಗಿ, ಆ ಸಂಸ್ಥೆಗೆ ಕಾಂಪೌಂಡ್ ಇದ್ದರೆ ಹತ್ತಿರದ ಗೇಟಿನ ನಡುವಿನ ತನಕ ಅಳೀಬೇಕು. ಕಾಂಪೌಂಡ್ ಇಲ್ಲದಿದ್ದರೆ ಕಟ್ಟಡದ ಹತ್ತಿರದ ಬಾಗಿಲಿನ ನಡುವೆ. "ಹತ್ತಿರದ ಗೇಟು" ಅನ್ನೋ ಮಾತು ನೆನಪಿರಲಿ. ಶಾಲೆಯ ಮುಂಬಾಗಿಲು 140 ಮೀಟರ್ ದೂರ ಇದ್ದು, ಮಕ್ಕಳು ಓಡಾಡುವ ಹಿಂದಿನ ಸಣ್ಣ ಗೇಟು 85 ಮೀಟರಿಗೆ ಸಿಕ್ಕಿದರೆ ಲೆಕ್ಕಕ್ಕೆ ಬರೋದು 85. ಶಾಲೆ ನಡೆಯುವ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋಗಿ ನಿಂತು ನೋಡಿ, ಯಾವ ಗೇಟು ತೆರೆದಿರುತ್ತೆ ಅಂತ ಕಣ್ಣಿಗೇ ಕಾಣುತ್ತೆ. ಜನರ ಆಕ್ಷೇಪಣೆ ಬಂದರೆ ಈ ಅಳತೆಯೇ ಮತ್ತೆ ಮೇಜಿನ ಮೇಲೆ ಬರುತ್ತೆ. 103, 104 ಮೀಟರ್ ಬರುವ ಜಾಗ ತಗೊಳ್ಳಲೇಬೇಡಿ. ಇನ್ನೊಬ್ಬರು ಟೇಪು ಹಿಡಿದಾಗ 98 ಬಂದರೆ ಏನು ಮಾಡ್ತೀರಿ?

ಇನ್ನು ಹೆದ್ದಾರಿ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಆದೇಶ ಕೊಟ್ಟಿತು. 2017ರ ಮಾರ್ಚ್ 31ರಂದು, 20,000ದವರೆಗಿನ ಜನಸಂಖ್ಯೆಯ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷ ಜುಲೈನಲ್ಲಿ, ನಗರ ಸ್ಥಳೀಯ ಸಂಸ್ಥೆಗಳ ಗಡಿಯೊಳಗೆ ಈ ನಿರ್ಬಂಧ ಇಲ್ಲ ಅಂತ ಸ್ಪಷ್ಟ ಮಾಡಿತು. ನಿಮಗೆ ಇದು ಬಹಳ ಮುಖ್ಯ ಅಕ್ಕ. ಹೋಟೆಲ್ ಮಂಡ್ಯ ನಗರದ ಗಡಿ ಒಳಗಿದ್ದರೆ ಒಂದು ಲೆಕ್ಕ, ಒಂದು ಫರ್ಲಾಂಗ್ ಆಚೆ ಗ್ರಾಮ ಪಂಚಾಯಿತಿಗೆ ಸೇರಿದ್ದರೆ ಇನ್ನೊಂದು ಲೆಕ್ಕ. ದಶಪಥ ಬಂದು ಬೈಪಾಸಲ್ಲಿ ವಾಹನ ಹೋಗ್ತಿವೆಯಲ್ಲ, ಹಳೇ ರಸ್ತೆ ಇನ್ನೇನು ಹೆದ್ದಾರಿ ಅಂತ ನೀವೇ ತೀರ್ಮಾನ ಮಾಡ್ಕೋಬೇಡಿ. ರಸ್ತೆ ಈಗ ಯಾರ ಸುಪರ್ದಿಯಲ್ಲಿದೆ, ಯಾವ ದರ್ಜೆಯದ್ದು ಅನ್ನೋದನ್ನು ಬರವಣಿಗೆಯಲ್ಲಿ ತಗೊಳ್ಳಿ. ಖಾತೆ ಯಾವ ಸಂಸ್ಥೆ ಕೊಟ್ಟಿದೆ ಅನ್ನೋದನ್ನೂ ನೋಡಿ. ವಾರ್ಷಿಕ ಶುಲ್ಕ ನಿರ್ಧಾರ ಆಗೋದೂ ಸ್ಥಳೀಯ ಸಂಸ್ಥೆಯ ದರ್ಜೆ ಮೇಲೇ.

ಕೇಳಿದವರು: ತುಂಬಾ ಉಪಕಾರ ಅಣ್ಣ. ಆ ಲೀಸಿನ ವಿಷಯ? ಸನ್ನದುದಾರರಿಗೆ ವಯಸ್ಸಾಗಿದೆಯಂತೆ, ಅವರ ಹೆಸರಲ್ಲೇ ಇರಲಿ, ನೀವು ನಡೆಸ್ಕೊಳ್ಳಿ ಅಂತಾರೆ.

ಸನ್ನದು ಕಾಗದಪತ್ರ ನೋಡುವವರು, ಮೈಸೂರು: ಬೇಡ ಅಕ್ಕ. ಸನ್ನದನ್ನು ಇಲಾಖೆ ಅನುಮತಿ ಇಲ್ಲದೆ ಒಳಬಾಡಿಗೆಗೆ ಕೊಡೋದು ಷರತ್ತಿನ ಉಲ್ಲಂಘನೆ. ನಿಮ್ಮಿಬ್ಬರ ಒಪ್ಪಂದ ಛಾಪಾ ಕಾಗದದಲ್ಲಿ ಎಷ್ಟು ಚೆನ್ನಾಗಿದ್ದರೂ ಇಲಾಖೆ ಎದುರು ಅದು ನಿಮ್ಮ ವಿರುದ್ಧದ ಸಾಕ್ಷಿ. ಸನ್ನದುದಾರರು ತೀರಿಕೊಂಡರೆ ಹಕ್ಕು ಕೇಳೋದು ಅವರ ವಾರಸುದಾರರು. ಇಂಟೀರಿಯರ್‌ಗೆ ಹಾಕಿದ ದುಡ್ಡು ನಿಮ್ಮದು, ಸನ್ನದು ಅವರದು.

ಸರಿಯಾದ ದಾರಿ ವರ್ಗಾವಣೆ. ಮಾರುವವರು, ಕೊಳ್ಳುವವರು ಇಬ್ಬರೂ ಸೇರಿ ಅಬಕಾರಿ ಉಪ ಆಯುಕ್ತರ ಕಚೇರಿಗೆ ಅರ್ಜಿ ಕೊಡ್ತಾರೆ. ಮೂಲ ಸನ್ನದು, ಮಾರುವವರ ಒಪ್ಪಿಗೆ ಪ್ರಮಾಣಪತ್ರ, ಬಾಕಿ ಇಲ್ಲ ಅನ್ನೋ ಪತ್ರ, ನಿಮ್ಮ ಗುರುತು-ವಿಳಾಸದ ದಾಖಲೆ, ಕಟ್ಟಡದ ಖಾತೆ ಅಥವಾ ನೋಂದಾಯಿತ ಬಾಡಿಗೆ ಕರಾರು, ಚಕ್ಕುಬಂದಿ ಇರುವ ನಕ್ಷೆ, ವರ್ಗಾವಣೆ ಶುಲ್ಕದ ಚಲನ್ ಇವು ಬೇಕು. ವಲಯ ನಿರೀಕ್ಷಕರು ಜಾಗಕ್ಕೆ ಬಂದು ಮಹಜರು ಮಾಡಿ ವರದಿ ಕೊಡ್ತಾರೆ, ಆದೇಶ ಆಮೇಲೆ. ಸನ್ನದು ಬೇರೆ ಕಟ್ಟಡದಿಂದ ನಿಮ್ಮ ಹೋಟೆಲಿಗೆ ಬರಬೇಕಾದರೆ ಅದು ಸ್ಥಳಾಂತರ. ಅದಕ್ಕೆ ಬೇರೆಯೇ ಅನುಮತಿ, ದೂರದ ಅಳತೆ ಹೊಸದಾಗಿ.

ಮಾರುವವರ ಮೇಲೆ ಹಳೇ ಅಬಕಾರಿ ಮೊಕದ್ದಮೆ ಇದೆಯಾ, ಬ್ಯಾಂಕಿನಲ್ಲಿ ಅಡವಿದೆಯಾ, ಕುಟುಂಬದಲ್ಲಿ ವ್ಯಾಜ್ಯ ಇದೆಯಾ ಅಂತ ಮೊದಲು ವಿಚಾರಿಸಿ. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30ರ ತನಕ. ಮೇ ತಿಂಗಳಲ್ಲಿ ಕೊಂಡರೆ ಒಂದೇ ತಿಂಗಳಲ್ಲಿ ಮುಂದಿನ ವರ್ಷದ ಪೂರ್ತಿ ಶುಲ್ಕ ಕಟ್ಟಬೇಕು. ಅದನ್ನು ಯಾರು ಕಟ್ಟೋದು ಅಂತ ಕರಾರಿನಲ್ಲೇ ಬರೆಸಿ. ಜೂನ್ ಕೊನೇ ವಾರದ ನೂಕುನುಗ್ಗಲಲ್ಲಿ ಚಲನ್ ತಪ್ಪಿದರೆ ಜುಲೈ 1ಕ್ಕೆ ಬಾಗಿಲು ತೆರೆಯುವ ಹಾಗಿಲ್ಲ.

ಲೆಕ್ಕಪತ್ರ ನೋಡುವವರು, ಮೈಸೂರು: ಮೇಲಿನದಕ್ಕೆ ಒಂದು ಸೇರಿಸ್ತೀನಿ. ಬಾರಿನ ಮಾಲು ಬರೋದು ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋದಿಂದ, ಸನ್ನದುದಾರರ ಹೆಸರಲ್ಲಿ. ಅಲ್ಲಿ ಹಿಡಿಯುವ ಟಿಸಿಎಸ್ (ಮಾರುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಅವರ ಪ್ಯಾನ್ ನಂಬರಿಗೇ ಸೇರುತ್ತೆ. ಬೇರೆಯವರ ಸನ್ನದಿನಲ್ಲಿ ವ್ಯಾಪಾರ ಮಾಡಿದರೆ ಖರೀದಿ ಅವರ ಲೆಕ್ಕದಲ್ಲಿ, ದುಡ್ಡು ನಿಮ್ಮ ಖಾತೆಯಲ್ಲಿ. ಎರಡನ್ನೂ ತಾಳೆ ಹಾಕಿ ಕೇಳಿದರೆ ಉತ್ತರ ಕೊಡೋಕಾಗಲ್ಲ.

ಮೇಡಂ, ನೀವೀಗ ಜಿಎಸ್‌ಟಿಯಲ್ಲಿ ಕಾಂಪೊಸಿಷನ್‌ನಲ್ಲಿದ್ದೀರಾ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸರಳವಾಗಿ ತೆರಿಗೆ ಕಟ್ಟುವ ಯೋಜನೆಯಲ್ಲಿ? ಸಣ್ಣ ಹೋಟೆಲುಗಳು ಬಹುಪಾಲು ಇರ್ತವೆ. ಮದ್ಯ ಬಡಿಸೋಕೆ ಶುರು ಮಾಡಿದ ದಿನವೇ ಆ ಅರ್ಹತೆ ಹೋಗುತ್ತೆ, ಯಾಕಂದರೆ ಜಿಎಸ್‌ಟಿ ಹೊರಗಿನ ಸರಕು ಮಾರುವವರಿಗೆ ಆ ಯೋಜನೆ ಇಲ್ಲ. ಏಳು ದಿನದೊಳಗೆ ಆ ಯೋಜನೆಯಿಂದ ಹೊರಬರುವ ಸಿಎಂಪಿ-04 ನಮೂನೆ ಕೊಟ್ಟು ಮಾಮೂಲಿ ನೋಂದಣಿಗೆ ಬನ್ನಿ. ಆಮೇಲೆ ಊಟಕ್ಕೆ ಶೇ. 5 ಜಿಎಸ್‌ಟಿ, ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿ ಕಳೆದುಕೊಳ್ಳೋದು) ಇಲ್ಲ. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಅಡುಗೆಮನೆ ಆರ್ಡರು, ಬಾರಿನ ಆರ್ಡರು ಮೊದಲ ದಿನದಿಂದಲೇ ಬೇರೆ ಬೇರೆ ಇಡಿ. ಕಬಾಬು, ಬಿಯರು ಒಂದೇ ಸಾಲಲ್ಲಿ "ಕಾಂಬೊ" ಅಂತ ಹಾಕಿದರೆ ತೆರಿಗೆ ಬಿಡಿಸೋಕೆ ಆಗಲ್ಲ.

ಬಾರ್ ಮ್ಯಾನೇಜರ್, ಮೈಸೂರು: ಸನ್ನದು ಬಂದ ಮೇಲಿನ ಕೆಲಸ. ಮಂಜೂರಾದ ನಕ್ಷೆಯಲ್ಲಿ ಬಣ್ಣ ಹಾಕಿದ ಜಾಗ ಎಷ್ಟೋ ಅಷ್ಟರಲ್ಲೇ ಬಡಿಸಬೇಕು. ಬೇಸಿಗೆಯಲ್ಲಿ ಟೆರೇಸಿಗೆ ನಾಲ್ಕು ಟೇಬಲ್ ಏರಿಸೋದು, ಕಾರಿಗೆ ತಂದು ಕೊಡೋದು ಎರಡೂ ಕೇಸು. ಸೀಲ್ ಬಾಟಲಿ ಪಾರ್ಸೆಲ್ ಕೊಡೋದು ವೈನ್ ಶಾಪಿನ ಹಕ್ಕು, ಸಿಎಲ್-9ಗೆ ಇಲ್ಲ. 21 ತುಂಬದವರಿಗೆ ಕೊಡುವಂತಿಲ್ಲ. ಕಾಲೇಜು ಹುಡುಗರ ಗುಂಪು ಬಂದರೆ ಒಬ್ಬರದ್ದಲ್ಲ, ಎಲ್ಲರ ಗುರುತಿನ ಚೀಟಿ ನೋಡಿ.

750 ಎಂಎಲ್ ಬಾಟಲಿಗೆ 30 ಎಂಎಲ್‌ನ 25 ಪೆಗ್ಗು, 180ರ ಕ್ವಾರ್ಟರಿಗೆ 6. ರಾತ್ರಿ ಲೆಕ್ಕ ಮುಗಿಸುವಾಗ ತೆರೆದ ಬಾಟಲಿಯಲ್ಲಿ ಉಳಿದದ್ದನ್ನೂ ಅಳೆದು ರಿಜಿಸ್ಟರಿಗೆ ಬರೀರಿ. ಅಳತೆ ಮಾಪಕಕ್ಕೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇರಲಿ. ಖಾಲಿ ಬಾಟಲಿಯ ಅಬಕಾರಿ ಚೀಟಿ ಕೆಡಿಸಿಯೇ ಗುಜರಿಗೆ ಹಾಕಿ. ಚೀಟಿ ನೆಟ್ಟಗಿರುವ ಖಾಲಿ ಬಾಟಲಿಗಳು ಕೌಂಟರ್ ಹಿಂದೆ ಸಾಲಾಗಿದ್ದರೆ ತಪಾಸಣೆಗೆ ಬಂದವರಿಗೆ ಮರುತುಂಬುವ ಅನುಮಾನವೇ ಮೊದಲು ಬರೋದು.

ಚುನಾವಣೆ ಬಂದರೆ, ಮತದಾನ ಮುಗಿಯುವ ಗಂಟೆಗೆ 48 ಗಂಟೆ ಹಿಂದೆ ಎಣಿಸಿ. ಶುಕ್ರವಾರ ಸಂಜೆ 6ಕ್ಕೆ ಮುಗಿಯೋದಾದರೆ ಬುಧವಾರ ಸಂಜೆ 6ಕ್ಕೇ ಬಂದ್. ಗಾಂಧಿ ಜಯಂತಿ ಹೇಗೂ ಇದೆ. ಗಣಪತಿ ಮೆರವಣಿಗೆ, ಜಾತ್ರೆಗೆ ಜಿಲ್ಲಾಧಿಕಾರಿಗಳ ಆದೇಶ ಹಿಂದಿನ ದಿನ ಬರೋದೂ ಉಂಟು, ಹಾಗಾಗಿ ಆ ವಾರ ಡಿಪೋದಿಂದ ಬಿಯರ್ ಹೆಚ್ಚು ಎತ್ತಬೇಡಿ.

ಕೇಳಿದವರು: ಸನ್ನದು ಬರೋ ತನಕ ಗಿರಾಕಿಗಳು ತಾವೇ ತಂದು ಕುಡಿದರೆ? ರಸ್ತೆ ಬದಿ ಡಾಬಾಗಳಲ್ಲಿ ನಡೀತಿದೆ.

ಬಾರ್ ಮಾಲೀಕರು, ಮದ್ದೂರು ಕಡೆ: ನಡೀತಿದೆ, ಕೇಸೂ ಆಗ್ತಿದೆ. ಕರ್ನಾಟಕ ಅಬಕಾರಿ ಕಾಯ್ದೆಯ 15ಎ ಕಲಂ ಸಾರ್ವಜನಿಕ ಜಾಗದಲ್ಲಿ ಕುಡಿಯೋದನ್ನು ತಡೆಯುತ್ತೆ, 38ಎ ಜಾಗ ಕೊಟ್ಟವರನ್ನು ಹಿಡಿಯುತ್ತೆ. ನೀವು ಬಾಟಲಿ ಮಾರಿಲ್ಲ ಅನ್ನೋದು ಅಲ್ಲಿ ನಿಲ್ಲಲ್ಲ. ಲೋಟ, ಸೋಡ, ಐಸು ಕೊಟ್ಟಿದ್ದೇ ಮಹಜರಿನಲ್ಲಿ ಬರುತ್ತೆ. ನಾಳೆ ವರ್ಗಾವಣೆ ಅರ್ಜಿ ಹಾಕಿದಾಗ ಅದೇ ಕೇಸು ನಿಮ್ಮ ಹೆಸರಿನ ಮುಂದೆ ಕೂತಿರುತ್ತೆ. ಅಲ್ಲಿವರೆಗೂ ಗೋಡೆಗೆ ಬೋರ್ಡು ಹಾಕಿ, ಹುಡುಗರಿಗೂ ಗಟ್ಟಿಯಾಗಿ ಹೇಳಿಡಿ: ಬಾಟಲಿ ಹೊರಗೆ ತೆಗೆದ ಟೇಬಲಿಗೆ ಲೋಟ ಇಡೋದು ಬೇಡ.